ಡಾಕ್ಟ್ರು ಬೈಯಲಿಲ್ಲವಂತೆ

ನನಗೆ ಬೈಯುವ ಅಭ್ಯಾಸ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ಬೈಯುವವರು ಎಲ್ಲ ಊರಲ್ಲೂ ಇದ್ದಾರೆ, ಅದೇನು ದೊಡ್ಡ ಸಂಗತಿಯಲ್ಲ. ನಾನು ಬೈಯುವುದು ಕ್ಲಿನಿಕ್ಕಿನಲ್ಲಿ, ಬಿಳಿ ಕೋಟು ಹಾಕಿಕೊಂಡು, ಕುತ್ತಿಗೆಗೆ ಸ್ಟೆತಾಸ್ಕೋಪು ನೇತುಹಾಕಿಕೊಂಡು. ವಂಡ್ಸೆ ದಾಟಿ ಕೊಲ್ಲೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಎರಡು ಕೋಣೆಯ ಕ್ಲಿನಿಕ್ ಇಟ್ಟುಕೊಂಡು ಇಪ್ಪತ್ತಮೂರು ವರ್ಷವಾಯಿತು. ಬ್ರಹ್ಮಾವರದಲ್ಲಿ ಶಾಲಾ ಟೀಚರಾಗಿದ್ದ ನನ್ನ ಅಮ್ಮನಿಂದ ನನಗೆ ಬಂದ ಆಸ್ತಿ ಎಂದರೆ ಎರಡು ಜರಿ ಸೀರೆ ಮತ್ತು ಈ ಬಾಯಿ. ಹೊಸತಾಗಿ ಬಂದಾಗ, ಹೀಗೆ ಬೈಯುತ್ತಾ ಹೋದರೆ ರೋಗಿಗಳೆಲ್ಲ ಓಡಿಹೋದಾರು ಎಂದು ಹೆದರಿಕೊಂಡಿದ್ದೆ. ಆದದ್ದು ತಿರುವುಮುರುವು. ನಮ್ಮ ಕಡೆಯ ಜನಕ್ಕೆ ಬೈಯದ ಡಾಕ್ಟರ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. 'ಆ ಡಾಕ್ಟ್ರ್ ಲಾಯ್ಕ್ ಬೈತ್ರ್', ಚೆನ್ನಾಗಿ ಬೈಯುತ್ತಾರೆ, ಎನ್ನುವುದು ಇಲ್ಲಿ ಪದವಿಗಿಂತ ದೊಡ್ಡ ಸರ್ಟಿಫಿಕೇಟು. ನಾವುಂದದ ಹೆಂಗಸೊಬ್ಬರು ಒಮ್ಮೆ ಎರಡು ಬಸ್ಸು ಬದಲಾಯಿಸಿ ತಮ್ಮ ಮೈದುನನನ್ನು ಕರೆದುಕೊಂಡು ಬಂದಿದ್ದರು. ಅವನಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಏನಾಗಬೇಕಿತ್ತು ಎಂದು ಕೇಳಿದರೆ, ಬೀಡಿ ಬಿಡುತ್ತಿಲ್ಲ, ಒಂಚೂರು ಬೈದು ಕಳಿಸಿ ಎಂದರು. ಬೈದೆ. ಅವನು ಕೈಮುಗಿದು, ತುಂಬ ಸಮಾಧಾನವಾಯಿತು ಎಂದು ಹೇಳಿ ಹೋದ. ಬೀಡಿ ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಬೈಸಿಕೊಳ್ಳಲು ಈಗ ಒಬ್ಬನೇ ಬರುತ್ತಾನೆ.

ನನ್ನ ಬೈಗುಳದಲ್ಲಿ ಮುಕ್ಕಾಲು ಪಾಲು ನಡಿಗೆಗೆ ಸಂಬಂಧಪಟ್ಟದ್ದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ನಿದ್ರೆ ಬರುವುದಿಲ್ಲ, ಊಟ ಮಾಡಿದ್ದು ಕರಗುವುದಿಲ್ಲ, ಯಾವುದೇ ಇರಲಿ, ಚೀಟಿಯಲ್ಲಿ ಮಾತ್ರೆಗಳ ಹೆಸರು ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು ಬರೆಯುತ್ತೇನೆ: ದಿನಾ ಅರ್ಧ ಗಂಟೆ ನಡೆಯಿರಿ. ಬರೆಯುವುದಕ್ಕೆ ನಾಲ್ಕು ಸೆಕೆಂಡು. ಮುಂದಿನ ತಿಂಗಳು ಬಂದಾಗ ನಡೆದಿರಾ ಎಂದು ಕೇಳುವುದು, ಇಲ್ಲ ಎನ್ನುವುದು, ನಾನು ಬೈಯುವುದು, ಮತ್ತೆ ಅದೇ ಸಾಲು ಬರೆಯುವುದು. ಯಾಕೆ ನಡೆಯಲಿಲ್ಲ ಎನ್ನುವುದಕ್ಕೆ ಅವರ ಬಳಿ ಹನ್ನೆರಡು ತಿಂಗಳಿಗೂ ಕಾರಣ ಇರುತ್ತದೆ. ಮಳೆ ಬಿಡಲಿಲ್ಲ, ಮಳೆ ಬಿಟ್ಟ ಮೇಲೆ ಕೊಯ್ಲು, ಕೊಯ್ಲು ಮುಗಿದ ಮೇಲೆ ಮದುವೆ ಮುಂಜಿ, ಅದು ಮುಗಿಯುವಾಗ ಸೆಕೆ, ಸೆಕೆಯ ನಡುವೆ ಮಾವಿನ ಮಿಡಿ ಉಪ್ಪಿಗೆ ಹಾಕಬೇಕಿತ್ತು. ಒಬ್ಬರು ದಿನವೂ ನಡೆಯುತ್ತೇನೆ ಎಂದು ಆಣೆ ಮಾಡಿದರು. ಎಲ್ಲಿ ಎಂದು ಕೇಳಿದರೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಎಂದರು. ಇದೆಲ್ಲ ಬರೀ ಸೋಮಾರಿತನ ಎಂದು ನಾನು ಇಪ್ಪತ್ತಮೂರು ವರ್ಷ ನಂಬಿಕೊಂಡಿದ್ದೆ. ನಡೆಯದಿರುವುದಕ್ಕೆ ಮನುಷ್ಯರಿಗೆ ನಿಜವಾದ ಕಾರಣವೂ ಇರಬಹುದು ಎಂದು ಒಂದು ದಿನವೂ ತಲೆಗೆ ಹೊಳೆದಿರಲಿಲ್ಲ.

ಈ ನನ್ನ ಬೈಗುಳದ ಪಟ್ಟಿಯಲ್ಲಿ ಮೊದಲನೆಯವರು ಶೀನಣ್ಣ. ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಸ್ವಂತ ಹೋಟೆಲು ಮಾಡಿ, ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಎಲ್ಲವನ್ನೂ ಅಳಿಯನ ಕೈಗೆ ಕೊಟ್ಟು ಹೆಂಡತಿ ಜಲಜಕ್ಕನ ಜೊತೆ ಊರಿಗೆ ಬಂದು ನೆಲೆಸಿದವರು. ಇಂಥ ಸಾಧು ಮನುಷ್ಯ ಹೋಟೆಲು ಹೇಗೆ ನಡೆಸಿದರೋ ನನಗೆ ಗೊತ್ತಿಲ್ಲ. ನಾಯಿಯನ್ನು ಓಡಿಸುವಾಗಲೂ 'ಹೋಯ್ನಿ' ಎಂದು ಬಹುವಚನದಲ್ಲಿ ಹೇಳುವವರು. ಸಕ್ಕರೆ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು. ಮೂರು ಬಗೆಯ ಮಾತ್ರೆ ಕೊಟ್ಟು ನೋಡಿದ್ದೆ. ಅವರ ಅಣ್ಣ ಇದೇ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡು, ಅದಾಗಿ ವರ್ಷದೊಳಗೆ ತೀರಿಕೊಂಡಿದ್ದರು. ಅಣ್ಣನಿಗೆ ಆಗ ಇದ್ದ ವಯಸ್ಸೇ ಈಗ ತಮ್ಮನದು. ಶೀನಣ್ಣ ಪ್ರತಿ ಸಲ ಬಂದಾಗಲೂ ನಾನು ಬಗ್ಗಿ ಅವರ ಎರಡೂ ಪಾದ ನೋಡುತ್ತಿದ್ದೆ, ಬೆರಳುಗಳ ಸಂದಿಯನ್ನೂ ಬಿಡದೆ. ಸದ್ಯ ಏನೂ ಇಲ್ಲ ಎಂದು ಒಳಗೊಳಗೇ ಉಸಿರು ಬಿಟ್ಟು, ತಲೆ ಎತ್ತಿ, ನಡೆಯುವುದಿಲ್ಲ ಅಲ್ಲವಾ ನೀವು ಎಂದು ಶುರುಮಾಡುತ್ತಿದ್ದೆ. ಅವರು ಮಳೆಯಲ್ಲಿ ನಿಂತ ಎಮ್ಮೆಯ ಹಾಗೆ ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡು ಹೋಗುತ್ತಿದ್ದರು.

ಹೀಗಿರುವಾಗ ಕುಂದಾಪುರದಲ್ಲಿ ನಮ್ಮಂಥ ಸಣ್ಣ ಊರಿನ ಡಾಕ್ಟರುಗಳಿಗೆ, ನರ್ಸುಗಳಿಗೆ ಒಂದು ದಿನದ ತರಬೇತಿ ಇಟ್ಟರು. ವಿಷಯ ಏನೆಂದರೆ, ರೋಗಿಗಳು ಮೈ ಆಡಿಸುವಂತೆ, ನಡೆಯುವಂತೆ ಮಾಡಲು ನಮಗೆ ಬೇಕಾದ ಕೌಶಲಗಳು. ರೋಗಿ ನಡೆಯುವುದಕ್ಕೆ ನನಗೆಂಥ ಕೌಶಲ, ನಡೆಯಬೇಕಾದದ್ದು ಅವರು ತಾನೇ ಎಂದು ಗೊಣಗುತ್ತಲೇ ಹೋದೆ. ಮೈ ಆಡಿಸುವ ಬಗ್ಗೆ ಕಲಿಯಲು ಬಂದ ನಾವು ನಲವತ್ತು ಮಂದಿ ಒಂದೇ ಒಂದು ಮಹಡಿಗೆ ಲಿಫ್ಟಿಗಾಗಿ ಸಾಲು ನಿಂತು, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕೂತು, ನಡುವೆ ಕೋಳಿ ಸುಕ್ಕ ನೀರುದೋಸೆ ಉಂಡೆವು. ಪಾಠ ಹೇಳಲು ಬಂದ ಹುಡುಗಿಗೆ ಹೆಚ್ಚೆಂದರೆ ಮೂವತ್ತು ವರ್ಷ. ದನಿ ಎಷ್ಟು ಮೆತ್ತಗೆ ಎಂದರೆ ಫ್ಯಾನು ಆರಿಸಿದರಷ್ಟೇ ಕೇಳಿಸುತ್ತಿತ್ತು. ಅವಳು ಹೇಳಿದ್ದರ ಸಾರ ಇಷ್ಟು. ರೋಗಿ ಕೂತ ಕೂಡಲೇ ಉಪದೇಶ ಮಾಡಬೇಡಿ. ಈ ವಿಷಯ ಮಾತಾಡಬಹುದಾ ಎಂದು ಮೊದಲು ಅಪ್ಪಣೆ ಕೇಳಿ. ನಡೆಯುವುದಕ್ಕೆ ಅಡ್ಡ ಏನು ಬರುತ್ತದೆ ಎಂದು ವಿಚಾರಿಸಿ. ಅವರಿಗೆ ಯಾವುದು ಮುಖ್ಯ, ಏನು ಮಾಡಬೇಕೆಂಬ ಆಸೆ ಇದೆ ಎಂದು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಕೊನೆಗೆ, ಬೈದರೆ ಯಾರೂ ನಡೆಯುವುದಿಲ್ಲ ಎಂದಳು. ಅದನ್ನು ಹೇಳುವಾಗ ಅವಳು ನನ್ನ ಕಡೆಗೇ ನೋಡಿದಳೋ, ನನಗೇ ಹಾಗೆ ಕಂಡಿತೋ ತಿಳಿಯದು.

ಮಧ್ಯಾಹ್ನದ ಮೇಲೆ ಇಬ್ಬಿಬ್ಬರನ್ನು ಜೊತೆ ಮಾಡಿ, ಒಬ್ಬರು ರೋಗಿ ಒಬ್ಬರು ಡಾಕ್ಟರು ಆಗಿ ಅಭ್ಯಾಸ ಮಾಡಿ ಎಂದರು. ನನಗೆ ರೋಗಿಯಾಗಿ ಸಿಕ್ಕಿದವರು ಬೈಂದೂರಿನ ಹಿರಿಯ ಡಾಕ್ಟರೊಬ್ಬರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ಪಾತ್ರದೊಳಗೆ ಎಷ್ಟು ಹೊಕ್ಕರೆಂದರೆ, ನನಗೆ ಪುರುಸೊತ್ತಿಲ್ಲ, ಗದ್ದೆ ಕೆಲಸವೇ ಸಾಕು, ನಡೆದರೆ ಉಬ್ಬಸ ಬರುತ್ತದೆ ಎಂದು ಒಂದೇ ಸಮ ಹೇಳತೊಡಗಿದರು. ನಾನು ಆರರವರೆಗೆ ಎಣಿಸಿದೆ. ಏಳಕ್ಕೆ ಬಾಯಿ ತೆರೆಯಿತು. ನಿಮ್ಮಂಥವರಿಂದಲೇ ನಮಗೆ ಬಿಪಿ ಬರುವುದು ಎಂದು ಆ ಹಿರಿಯರಿಗೆ ಅಂದೆನಂತೆ. ಸಭೆಯೆಲ್ಲ ನಕ್ಕಿತು. ಅವರು ಮಾತ್ರ ನಗಲಿಲ್ಲ, ನನ್ನ ಹೆಂಡತಿಯೂ ಇದನ್ನೇ ಹೇಳುವುದು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ನನ್ನ ಆ ನಾಲ್ಕು ಸೆಕೆಂಡಿನ ಸಾಲನ್ನು ಓದಿ ನಡೆದವರು ಎಷ್ಟು ಮಂದಿ ಎಂದು ಯೋಚಿಸುತ್ತಾ ಹೋದೆ. ಬೆರಳು ಮಡಚಲಿಕ್ಕೂ ಯಾರ ಹೆಸರೂ ನೆನಪಾಗಲಿಲ್ಲ. ನಾಳೆಯಿಂದ ಬೈಯುವುದಿಲ್ಲ ಎಂದು ತೀರ್ಮಾನ ಮಾಡಿದೆ.

ಮರುದಿನ ಸೋಮವಾರ ಮೊದಲು ಬಂದವರು ಶೀನಣ್ಣ. ಎಂದಿನಂತೆ ತಲೆ ತಗ್ಗಿಸಿ ಬೈಗುಳಕ್ಕೆ ತಯಾರಾಗಿಯೇ ಕೂತರು. ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ. ಆ ಹುಡುಗಿಯ ದನಿಯನ್ನು ನೆನಪು ಮಾಡಿಕೊಂಡು ಅಷ್ಟೇ ಮೆತ್ತಗೆ, ಶೀನಣ್ಣ, ನಿಮ್ಮ ನಡಿಗೆಯ ಬಗ್ಗೆ ಸ್ವಲ್ಪ ಮಾತಾಡಬಹುದಾ ಎಂದು ಕೇಳಿದೆ. ಅವರು ಥಟ್ಟನೆ ತಲೆ ಎತ್ತಿ ನೋಡಿದರು. ನಾನು ನಕ್ಕೆ. ನಡೆಯುವುದಕ್ಕೆ ಏನು ತೊಂದರೆಯಾಗುತ್ತದೆ ಹೇಳಿ, ಅವಸರ ಇಲ್ಲ ಎಂದೆ. ಎಣಿಸಲು ಶುರುಮಾಡಿದೆ. ಎಂಟು ಆಗುವಾಗ ಅವರು ಬಾಯಿ ಬಿಟ್ಟರು. ಆಮೇಲೆ ಕೇಳಿದ್ದು ನನಗೆ ಹೊಸ ಲೋಕ.

ಅವರು ನಡೆದಿದ್ದರಂತೆ! ಒಂದು ಸಲವಲ್ಲ, ಹಲವು ಸಲ ಪ್ರಯತ್ನಪಟ್ಟಿದ್ದರಂತೆ. ಬೆಳಿಗ್ಗೆ ಮನೆಯಿಂದ ಹೊರಟು ರಸ್ತೆಗೆ ಬಂದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಒಂದು ಬೈಕು ನಿಲ್ಲುತ್ತದೆ. ಎಲ್ಲಿಗೆ ಹೊರಟದ್ದು, ಕೂತುಕೊಳ್ಳಿ ಎನ್ನುತ್ತಾರೆ. ನಮ್ಮ ಕಡೆ ಗುರುತಿನವರು ರಸ್ತೆಬದಿಯಲ್ಲಿ ನಡೆದು ಹೋಗುವುದನ್ನು ಕಂಡೂ ಗಾಡಿ ನಿಲ್ಲಿಸದೆ ಹೋದರೆ ಎರಡು ತಲೆಮಾರು ಮಾತು ಬಿಡುವಷ್ಟು ದೊಡ್ಡ ತಪ್ಪು. ನಿಲ್ಲಿಸಿದ ಮೇಲೆ ಹತ್ತದೇ ಇರುವುದು ಅದಕ್ಕಿಂತ ದೊಡ್ಡದು. ಸುಮ್ಮನೆ ನಡೆಯಲು ಬಂದದ್ದು ಎಂದರೆ ಯಾರು ನಂಬುತ್ತಾರೆ? ಮೊದಲ ದಿನ ಬೈಕಿನಲ್ಲಿ ವಂಡ್ಸೆಗೆ ಹೋಗಿ ಇಳಿದು, ಅಲ್ಲಿ ಏನೂ ಕೆಲಸವಿಲ್ಲದೆ ನಿಂತು, ರಿಕ್ಷಾ ಮಾಡಿಕೊಂಡು ವಾಪಸು ಬಂದರು. ಎರಡನೆಯ ದಿನ ಹಾಲಿನ ಟೆಂಪೊ. ಮೂರನೆಯ ದಿನ ಶಾಲೆಯ ವ್ಯಾನು, ಮಕ್ಕಳ ನಡುವೆ. ಗಾಡಿಗಳಿಂದ ತಪ್ಪಿಸಿಕೊಳ್ಳಲು ಮನೆಗಳ ಅಂಚಿನಲ್ಲೇ ನಡೆದರೆ, ಜಗಲಿಯಿಂದ ಕರೆಯುತ್ತಾರೆ. ಚಾ ಕುಡಿಯದೆ ಬಿಡುವುದಿಲ್ಲ. ಒಂದು ಬೆಳಿಗ್ಗೆ ಅರ್ಧ ಗಂಟೆಯ ನಡಿಗೆಯಲ್ಲಿ ಮೂರು ಚಾ, ಎಂಟು ಗೋಳಿಬಜೆ ಆಯಿತಂತೆ. ಇದರ ಮೇಲೆ, ಮನೆಯಲ್ಲಿ ಕಾರಿರುವ ಮನುಷ್ಯ ದಿನಾ ಬೆಳಿಗ್ಗೆ ನಡೆದುಕೊಂಡು ಮನೆ ಬಿಟ್ಟು ಹೋಗುತ್ತಾನೆ ಎಂದ ಮೇಲೆ ಗಂಡ ಹೆಂಡತಿಗೆ ಜಗಳವೇ ಇರಬೇಕು ಎಂದು ಊರು ನಿರ್ಧರಿಸಿತು. ಐದನೆಯ ದಿನ ಸಂಜೆ ಕುಟುಂಬದ ಇಬ್ಬರು ಹಿರಿಯರು ರಾಜಿ ಮಾಡಿಸಲು ಬಂದು ಕೂತರು. ಆವತ್ತಿಗೆ ಶೀನಣ್ಣ ನಡಿಗೆ ನಿಲ್ಲಿಸಿದರು.

ನನಗೆ ನಗು ತಡೆಯುವುದು ಕಷ್ಟವಾಯಿತು, ಜೊತೆಗೆ ಪಾಪ ಎನ್ನಿಸಿತು. ಈ ಮನುಷ್ಯನಿಗೆ ಎಷ್ಟು ಬೈದಿದ್ದೆ! ಆ ಪಶ್ಚಾತ್ತಾಪದಲ್ಲಿ ನನ್ನ ದನಿ ಇನ್ನೂ ಮೆತ್ತಗಾಯಿತು. ಅವರ ಕೈ ಮೇಲೆ ಕೈ ಇಟ್ಟು, ತರಬೇತಿಯ ಮುಖ್ಯವಾದ ಪ್ರಶ್ನೆಯನ್ನು ಕೇಳಿದೆ.

"ನಿಮ್ಗ್ ಎಂತ ಆಸೆ ಇತ್ತ್ ಹೇಳಿ ಶೀನಣ್ಣ."

ಅವರ ಮುಖದ ಬಣ್ಣ ಹೋಯಿತು. ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ. ಹತ್ತು ದಾಟಿ ಹದಿನೈದರವರೆಗೆ ಎಣಿಸಿದೆ, ನನ್ನ ಮೌನದ ಬಗ್ಗೆ ನನಗೇ ಹೆಮ್ಮೆಯಾಗುತ್ತಿತ್ತು. ಅವರು ಶಾಲಿನ ತುದಿಯಿಂದ ಕಣ್ಣೊರಸಿಕೊಂಡು, ಇನ್ನೆಂಥ ಆಸೆ, ಒಂದು ಸಲ ಅಕ್ಕನ ಮನೆಗೆ ನಡೆದುಕೊಂಡು ಹೋಗಬೇಕೆಂದಿತ್ತು ಎಂದರು. ಎಷ್ಟು ಒಳ್ಳೆಯದು ಎಂದು ಹೇಳಿ ಅದನ್ನು ಚೀಟಿಯಲ್ಲಿ ಬರೆದುಕೊಂಡೆ. ಖುಷಿ ತಾಳಲಾರದೆ ಅವರನ್ನು ಬಾಗಿಲವರೆಗೂ ಬಂದು ಕಳಿಸಿಕೊಟ್ಟೆ. ಹೊರಗೆ ಸರದಿಯ ಚೀಟಿ ಕೊಡುವ ಸುಮತಿ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಆವತ್ತು ಯಾರಿಗೂ ಬೈಯಲಿಲ್ಲ. ಡಾಕ್ಟ್ರಿಗೆ ಮೈಯಲ್ಲಿ ಹುಷಾರಿಲ್ಲವಾ ಎಂದು ಹೊರಗೆ ಮೂರು ಜನ ಕೇಳಿದರು ಎಂದು ಸಂಜೆ ಅವಳು ಹೇಳಿದಳು. ನಾನು ನಕ್ಕುಬಿಟ್ಟೆ.

ಗುರುವಾರ ಮಧ್ಯಾಹ್ನ ಕ್ಲಿನಿಕ್ಕು ಮುಚ್ಚುವ ಹೊತ್ತಿಗೆ ಜಲಜಕ್ಕ ಬಂದರು. ಅತ್ತು ಅತ್ತು ಕಣ್ಣು ಊದಿತ್ತು. ಬಾಗಿಲು ಹಾಕಿಕೊಂಡು, ನನ್ನ ಎರಡೂ ಕೈ ಹಿಡಿದುಕೊಂಡು ಕೇಳಿದರು.

"ಡಾಕ್ಟ್ರಮ್ಮ, ಇನ್ನೆಷ್ಟ್ ದಿನ ಇತ್ತ್ ಅಂದೇಳಿ ನಂಗಾರೂ ಹೇಳಿ."

ಯಾರಿಗೆ ಎಂದು ಕೇಳಿದೆ. ಅವರು ಅಳುತ್ತಲೇ ಹೇಳಿದ್ದನ್ನು ಒಂದೊಂದಾಗಿ ಜೋಡಿಸಿಕೊಂಡೆ. ಸೋಮವಾರ ಶೀನಣ್ಣ ಮನೆಗೆ ಹೋಗಿ ಆರಾಮಕುರ್ಚಿಯಲ್ಲಿ ಕೂತು, ನನ್ನದು ಮುಗಿಯಿತು ಎಂದರಂತೆ. ಡಾಕ್ಟ್ರು ಹೇಳಿದರಾ ಎಂದು ಜಲಜಕ್ಕ ಕೇಳಿದರೆ, ಹೇಳಲಿಲ್ಲ, ಅವರಿಗೆ ಬಾಯಿ ಬರಲಿಲ್ಲ ಪಾಪ ಎಂದು ತಾವೇ ನನ್ನ ಬಗ್ಗೆ ಮರುಗಿದರಂತೆ. ಸಾಕ್ಷಿಗಳನ್ನು ಒಂದೊಂದಾಗಿ ಎಣಿಸಿದರಂತೆ. ಡಾಕ್ಟ್ರು ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡರು. ಕೈ ಹಿಡಿದುಕೊಂಡರು. ಬಾಗಿಲವರೆಗೆ ಬಂದರು. ಎಲ್ಲಕ್ಕಿಂತ ಹೆಚ್ಚಾಗಿ, ಆಸೆ ಏನು ಎಂದು ಕೇಳಿದರು. ಮನುಷ್ಯನಿಗೆ ಕೊನೆಯ ಆಸೆ ಕೇಳುವುದು ಯಾವಾಗ? ಸುದ್ದಿ ಊರು ಸುತ್ತಿತು. ಮುಂಬಯಿಯಿಂದ ಮಗಳು ಅಳಿಯ ರೈಲಿಗೆ ಟಿಕೆಟು ಮಾಡಿಸಿದರು. ಕುಂಭಾಶಿಯಿಂದ ಶೀನಣ್ಣನ ಅತ್ತಿಗೆ ಆನೆಗುಡ್ಡೆ ಗಣಪತಿಯ ಪ್ರಸಾದ ತಂದರು. ಬರುವವರೆಲ್ಲ ಶೀನಣ್ಣನಿಗೆ ಇಷ್ಟವಾದದ್ದನ್ನು ಮಾಡಿ ತರುತ್ತಿದ್ದರು. ಇನ್ನು ಪಥ್ಯ ಮಾಡಿ ಯಾರನ್ನು ಮೆಚ್ಚಿಸಬೇಕು ಎಂದು ಅವರು ತಿನ್ನುತ್ತಿದ್ದರು. ಸೋಮವಾರದಿಂದ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ.

ನಾನು ಚಪ್ಪಲಿಯನ್ನು ಸರಿಯಾಗಿ ಮೆಟ್ಟಿಕೊಂಡೆನೋ ಇಲ್ಲವೋ, ಸಕ್ಕರೆ ನೋಡುವ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಜಲಜಕ್ಕನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಮನೆಯ ಚಾವಡಿಯಲ್ಲಿ ಶೀನಣ್ಣ ಬಿಳಿ ಪಂಚೆ ಉಟ್ಟು ಆರಾಮಕುರ್ಚಿಯಲ್ಲಿ ಶಾಂತವಾಗಿ ಒರಗಿಕೊಂಡಿದ್ದರು. ಸುತ್ತ ನಾಲ್ಕೈದು ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಒಂದು ತಟ್ಟೆ ಬೆಲ್ಲದ ಹಾಲುಬಾಯಿ, ಅರ್ಧ ಖಾಲಿ. ನನ್ನನ್ನು ಕಂಡು ಅವರು ಎದ್ದು ಕೈಮುಗಿದರು. ನಾನು ಒಂದೂ ಮಾತಾಡದೆ ಬೆರಳು ಚುಚ್ಚಿ ನೋಡಿದೆ. ಮುನ್ನೂರು ದಾಟಿ ಎಲ್ಲಿಗೋ ಹೋಗಿತ್ತು. ಅವರ ಅಣ್ಣನ ಕಾಲು ಕಣ್ಣ ಮುಂದೆ ಬಂತು, ಇವರನ್ನು ಆ ದಾರಿಗೆ ತಳ್ಳಿದ್ದು ನಾನೇ ಎಂಬ ಹೆದರಿಕೆಯೂ ಬಂತು. ಹೆದರಿಕೆಯಾದರೆ ನನಗೆ ಬರುವುದು ಒಂದೇ ವಿದ್ಯೆ. ತರಬೇತಿ, ಹತ್ತು ಎಣಿಸುವುದು, ಆ ಹುಡುಗಿ, ಎಲ್ಲವೂ ಹಾರಿಹೋದವು.

ಬೈದೆ. ಮಾತ್ರೆ ಬಿಟ್ಟದ್ದಕ್ಕೆ ಬೈದೆ, ಹಾಲುಬಾಯಿಗೆ ಬೈದೆ, ಹಾಲುಬಾಯಿ ತಂದವರಿಗೆ ಬೈದೆ, ಹೆಂಡತಿಯನ್ನು ನಾಲ್ಕು ದಿನ ಅಳಿಸಿದ್ದಕ್ಕೆ ಬೈದೆ. ಸಾಯುವವರು ಹೀಗೆ ಕಾಲು ಮೇಲೆ ಕಾಲು ಹಾಕಿಕೊಂಡು ತಿನ್ನುತ್ತಾ ಕೂರುತ್ತಾರಾ ಎಂದೆ. ಉಸಿರಿಗೆಂದು ನಿಲ್ಲಿಸಿದೆ. ಶೀನಣ್ಣನ ಮುಖ ನಿಧಾನವಾಗಿ ಅರಳುತ್ತಾ ಬಂತು. ಅವರು ಹೆಂಡತಿಯ ಕಡೆಗೆ ತಿರುಗಿದರು.

"ಜಲಜಾ, ಕೇಂಡ್ಯಾ? ಬೈತ್ರ್ ಕಾಣ್. ನಂಗೆಂತದೂ ಆಯ್ಲಿಲ್ಲೆ."

ಜಲಜಕ್ಕ ಈಗ ಇನ್ನೊಂದು ಬಗೆಯಲ್ಲಿ ಅತ್ತರು. ನೆಂಟರು ಒಬ್ಬೊಬ್ಬರೇ, ಸ್ವಲ್ಪ ನಿರಾಶೆಯಿಂದಲೇ ಎಂದು ನನಗೆ ತೋರಿತು, ಎದ್ದು ಹೋದರು. ನಾನು ಶೀನಣ್ಣನ ಎದುರು ಕೂತೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಅಲ್ಲ ಶೀನಣ್ಣ, ಮೆತ್ತಗೆ ಮಾತಾಡಿದ ಮಾತ್ರಕ್ಕೆ ಹೀಗಾ ಎಂದು ಕೇಳಿದೆ. ಅವರು ನೆಲ ನೋಡುತ್ತಾ ಹೇಳಿದರು.

"ಅಣ್ಣಂಗ್ ಕಾಲ್ ತೆಗಿಯೂಕ್ ಮುಂಚೆ, ಅಲ್ಲಿ ಡಾಕ್ಟ್ರ್ ಹಿಂಗೇ ಮೆತ್ತಗ್ ಮಾತಾಡಿದ್ರ್. ಕೈ ಹಿಡ್ಕಂಡೇ ಮಾತಾಡಿದ್ರ್."

ಈ ಸಲ ಎಣಿಸಬೇಕೆಂದು ನೆನಪೂ ಆಗಲಿಲ್ಲ, ಸುಮ್ಮನೆ ಕೂತೆ. ಬಹುಶಃ ಆವತ್ತೇ ನಾನು ಮೊದಲ ಬಾರಿಗೆ ಒಬ್ಬ ರೋಗಿಯ ಮಾತು ಕೇಳಿದ್ದು. ಶೀನಣ್ಣ ತಾವಾಗಿಯೇ ಅಕ್ಕನ ವಿಷಯ ತೆಗೆದರು. ಅವರಿಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅಕ್ಕ ಪದ್ದಕ್ಕನನ್ನು ಹೊಳೆಯ ಆಚೆ ದಡದ ಮನೆಗೆ ಮದುವೆ ಮಾಡಿ ಕೊಟ್ಟಿತ್ತು. ಹಸಿವಾದಾಗೆಲ್ಲ ಈ ಹುಡುಗ ಗದ್ದೆಯ ಅಂಚಿನಲ್ಲಿ ಓಡಿ, ಹೊಳೆಗೆ ಅಡ್ಡ ಹಾಕಿದ ಕಾಲುಸಂಕ ಹತ್ತಿ, ಆ ಸಂಕದ ಮೇಲಿಂದಲೇ ಅಕ್ಕಾ ಎಂದು ಕೂಗುತ್ತಿದ್ದನಂತೆ. ಕೂಗು ಕೇಳಿದ ಕೂಡಲೇ ಅಲ್ಲಿ ಬಟ್ಟಲು ಇಡುತ್ತಿದ್ದರು. ಮುಂಬಯಿಗೆ ಹೋಗುವವರೆಗೂ ಹಾಗೆಯೇ. ಈಗ ಸಂಕದಲ್ಲಿ ಹೋದರೆ ಒಂದೂವರೆ ಕಿಲೋಮೀಟರು, ಕಾರಿನಲ್ಲಿ ಸೇತುವೆ ಸುತ್ತಿಕೊಂಡು ಹೋದರೆ ಹದಿನಾಲ್ಕು. ಇವರು ಕಾರಿನಲ್ಲೇ ಹೋಗುತ್ತಾರೆ. ಎಂಬತ್ತು ದಾಟಿದ ಪದ್ದಕ್ಕನಿಗೆ ಅದು ಇಷ್ಟವಿಲ್ಲ. ನೀನು ಕಾರಲ್ಲಿ ಬಂದರೆ ಪರವೂರಿನ ಸಾಹುಕಾರರು ಬಂದ ಹಾಗೆ ಆಗುತ್ತದೆ, ಎದುರು ಕೂರಲಿಕ್ಕೂ ಸಂಕೋಚ ಎಂದರಂತೆ. ಒಮ್ಮೆ ಸಂಕದಲ್ಲಿ ಬಂದು ಕೂಗು ಎಂದರಂತೆ. ನನ್ನ ಮನಸ್ಸು ಕರಗಿದ್ದನ್ನು ತೋರಿಸಿಕೊಳ್ಳಬಾರದೆಂದು ಉಳಿದ ಹಾಲುಬಾಯಿಯನ್ನು ಒಳಗೆ ತೆಗೆದುಕೊಂಡು ಹೋಗಿ ಎಂದು ಜಲಜಕ್ಕನಿಗೆ ರೇಗಿದೆ.

ಉಪಾಯವೂ ಅವರದೇ. ಗದ್ದೆಯ ಅಂಚಿನ ಮೇಲೆ ಯಾವ ಬೈಕೂ ಬರುವುದಿಲ್ಲವಲ್ಲ ಡಾಕ್ಟ್ರೆ ಎಂದರು. ಇಷ್ಟು ವರ್ಷ ನನ್ನ ತಲೆಗೆ ಹೊಳೆಯದ ಮಾತು. ಸಂಕದವರೆಗೆ ನಡೆಯಲು ಎಷ್ಟು ದಿನ ಬೇಕು, ಎಲ್ಲಿ ನಿಂತು ಸುಧಾರಿಸಿಕೊಳ್ಳಬೇಕು, ಎಲ್ಲವನ್ನೂ ಅವರೇ ಲೆಕ್ಕ ಹಾಕಿದರು. ಅರ್ಧ ಗಂಟೆ ಎಂದು ಹೇಳಲು ನನ್ನ ನಾಲಿಗೆ ತುದಿಯವರೆಗೆ ಬಂತು, ಕಚ್ಚಿಕೊಂಡೆ. ಮೊದಲ ವಾರ ಹಿತ್ತಲಿನ ಬೇಲಿಯವರೆಗೆ. ಎರಡನೆಯ ವಾರ ನಾಗಬನದವರೆಗೆ. ಆಮೇಲೆ ಗದ್ದೆಬಯಲಿನ ಅರ್ಧ. ಊರಿನವರು ಅಲ್ಲಿಯೂ ಎಲ್ಲಿಗೆ ಎಂದು ಕೇಳದೆ ಬಿಡಲಿಲ್ಲ. ಅಕ್ಕನ ಮನೆಗೆ ಎಂದರೆ ಯಾರಿಗೂ ಆಶ್ಚರ್ಯವಿಲ್ಲ, ದಾರಿ ಬಿಟ್ಟು ನಿಲ್ಲುತ್ತಿದ್ದರು. ಗದ್ದೆಯಲ್ಲಿ ಟಿಲ್ಲರು ಓಡಿಸುತ್ತಿದ್ದ ಒಬ್ಬನಿಗೆ ಮಾತ್ರ ಮನಸ್ಸು ತಡೆಯಲಿಲ್ಲ, ಬನ್ನಿ ಅಂಚಿನವರೆಗೆ ಬಿಡುತ್ತೇನೆ ಎಂದನಂತೆ.

ಎರಡು ತಿಂಗಳಲ್ಲಿ ಸಕ್ಕರೆ ಇಳಿಯತೊಡಗಿತು. ಪೂರ್ತಿ ಅಲ್ಲ, ಆದರೆ ಹೊಸ ಮಾತ್ರೆ ಸೇರಿಸುವ ಯೋಚನೆ ಬಿಟ್ಟೆ. ಕ್ಲಿನಿಕ್ಕಿನಲ್ಲೂ ನನ್ನ ಕ್ರಮ ಬದಲಾಯಿತು. ಈಗ ಎಲ್ಲರನ್ನೂ ಮೆತ್ತಗೆ ಕೇಳುತ್ತೇನೆ, ಏನು ಅಡ್ಡ ಬರುತ್ತದೆ, ಏನು ಬೇಕು ಎಂದು ಕೇಳಿ ಕಾಯುತ್ತೇನೆ. ಅವರು ಹೇಳಿ ಮುಗಿಸಿದ ಮೇಲೆ, ಎದ್ದು ಹೋಗುವ ಮೊದಲು, ಏನಾದರೊಂದು ನೆಪ ಹುಡುಕಿ ಸ್ವಲ್ಪ ಬೈದು ಕಳಿಸುತ್ತೇನೆ. ಇಲ್ಲದಿದ್ದರೆ ರಾತ್ರಿ ಅವರಿಗೆ ನಿದ್ರೆ ಬರುವುದಿಲ್ಲ. ಸುಮತಿಯಂತೂ ಹೊರಗೆ ಸಾಲಿನಲ್ಲಿ ಕೂತವರಿಗೆ ಮೊದಲೇ ಹೇಳಿಟ್ಟಿರುತ್ತಾಳೆ, ಡಾಕ್ಟ್ರು ಮೆತ್ತಗೆ ಕೇಳಿದರೆ ಹೆದರಬೇಡಿ, ಕಡೆಗೆ ಬೈಯುತ್ತಾರೆ ಎಂದು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಶೀನಣ್ಣ ಸಂಕ ದಾಟುವುದೆಂದು ನಿಶ್ಚಯವಾಯಿತು. ಜೊತೆಗೆ ಒಬ್ಬರಿದ್ದರೆ ಧೈರ್ಯ ಎಂದು ಜಲಜಕ್ಕ ನನ್ನನ್ನು ಕರೆದರು. ಡಾಕ್ಟರಾಗಿ ನನಗೂ ಒಂದು ಜವಾಬ್ದಾರಿ ಇದೆಯಲ್ಲ, ಬಿಪಿ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಶೀನಣ್ಣ ಮುಂದೆ, ನಾನು ಹಿಂದೆ. ಅಂಚಿನ ಮೇಲೆ ಅವರು ಹುಡುಗನ ಹಾಗೆ ಹೋಗುತ್ತಿದ್ದರು. ನಾಗಬನ ದಾಟುವಾಗ ನನಗೆ ಏದುಸಿರು ಬಂತು. ಗದ್ದೆ ಚೆನ್ನಾಗಿದೆ ಎಂದು ಹೇಳಿ ಎರಡು ಸಲ ನಿಂತೆ. ಸಂಕದ ಹತ್ತಿರ ಬಂದಾಗ ನೋಡುತ್ತೇನೆ, ಅದು ನಾನು ಅಂದುಕೊಂಡಂತೆ ಸಿಮೆಂಟಿನದಲ್ಲ. ಮೂರು ಮರದ ದಿಮ್ಮಿಗಳನ್ನು ಒತ್ತಾಗಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದೇ ಪಕ್ಕಕ್ಕೆ ಬಿದಿರಿನ ಗಳ. ಶೀನಣ್ಣ ಅರ್ಧ ದಾರಿಯಲ್ಲಿ ನಿಂತು ಆಚೆ ದಡಕ್ಕೆ ಮುಖ ಮಾಡಿ ಅಕ್ಕಾ ಎಂದು ಕೂಗಿದರು. ಅರವತ್ತೈದು ದಾಟಿದ ಗಂಡಸಿನ ದನಿ ಹಾಗೆ ಒಡೆದದ್ದನ್ನು ನಾನು ಕೇಳಿರಲಿಲ್ಲ. ಆಚೆಯ ಮನೆಯ ಹಿಂಬಾಗಿಲಿನಲ್ಲಿ ಬಗ್ಗಿದ ಬೆನ್ನಿನ ಒಬ್ಬ ಮುದುಕಿ ಕಾಣಿಸಿಕೊಂಡು, ಕೋಲೂರಿಕೊಂಡು ದಡಕ್ಕೆ ಬಂದು ನಿಂತರು. ನನ್ನ ಕಣ್ಣು ಮಂಜಾಯಿತು. ಮಂಜಾದ ಕಣ್ಣಿನಲ್ಲೇ ನಾನೂ ಸಂಕದ ಮೇಲೆ ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ ಕೆಳಗೆ ನೋಡಿದೆ.

ಅಲ್ಲಿಗೆ ನಿಂತೆ. ದಿಮ್ಮಿ ಸಣ್ಣಗೆ ಕುಣಿಯುತ್ತಿತ್ತು. ಕಾಲು ಮುಂದೆಯೂ ಬಾರದು, ಹಿಂದೆಯೂ ಹೋಗದು. ಬಿದಿರನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡೆ. ಶೀನಣ್ಣ ತಿರುಗಿ ನೋಡಿ, ಅಕ್ಕನ ಕಡೆಗೆ ಹೋಗುತ್ತಿದ್ದವರು ವಾಪಸು ಬಂದರು. ನನ್ನ ಮೊಣಕೈಯನ್ನು ಮೆಲ್ಲಗೆ ಹಿಡಿದುಕೊಂಡು, ಹತ್ತಿಯಷ್ಟು ಮೃದುವಾದ ದನಿಯಲ್ಲಿ ಕೇಳಿದರು.

"ಅವ್ಸ್ರ ಇಲ್ಲೆ ಡಾಕ್ಟ್ರೆ. ಎಂತ ಆತ್ತ್ ಹೇಳಿ."

ಹೇಳಿ ಸುಮ್ಮನೆ ಕಾದರು. ಮದುವೆಯಾಗಿ ಇಷ್ಟು ವರ್ಷವಾದರೂ ಯಾರೂ ನನ್ನ ಜೊತೆ ಇಷ್ಟು ಮೆತ್ತಗೆ ಮಾತಾಡಿದವರಿಲ್ಲ. ಕೈ ಬೇರೆ ಹಿಡಿದುಕೊಂಡಿದ್ದಾರೆ. ನನಗೆ ಖಂಡಿತವಾಯಿತು, ಸಂಕ ಮುರಿಯುತ್ತಿದೆ, ಇವರಿಗೆ ಗೊತ್ತಾಗಿದೆ, ನನಗೆ ಹೇಳಲು ಇವರಿಗೆ ಬಾಯಿ ಬರುತ್ತಿಲ್ಲ. ಇನ್ನೊಂದು ಗಳಿಗೆಯಲ್ಲಿ ನಿಮ್ಮ ಆಸೆ ಏನು ಎಂದು ಕೇಳುತ್ತಾರೆ, ಅಲ್ಲಿಗೆ ನನ್ನ ಕಥೆ ಮುಗಿಯಿತು. "ಶೀನಣ್ಣ, ದಮ್ಮಯ್ಯ, ಒಂಚೂರ್ ಬೈದ್ ಹೇಳಿ" ಎಂದು ಬೇಡಿಕೊಂಡೆ. ಅವರು ಪಾಪ ಪ್ರಯತ್ನಪಟ್ಟರು. ಹುಬ್ಬು ಗಂಟು ಹಾಕಿದರು, ಬಾಯಿ ತೆರೆದರು, ಏನೂ ಹೊರಡಲಿಲ್ಲ. ಜನ್ಮದಲ್ಲಿ ಬೈದು ಗೊತ್ತಿದ್ದರೆ ತಾನೇ.

ಅಷ್ಟರಲ್ಲಿ ಆಚೆ ದಡದಿಂದ ಪದ್ದಕ್ಕನ ದನಿ ಬಂತು.

"ಹ್ವಾಯ್, ಅದೆಂತ ಹೆಣ್ಣ್ ಮಾರಾಯ! ಸಂಕದ ಮೇಲ್ ಗೂಟ ಹೊಡ್ದಂಗೆ ನಿಂತಿತ್ತಲೆ! ಬಿದ್ರೆ ಮೊಣಗಂಟಿನಷ್ಟ್ ನೀರಿಲ್ಲೆ ಹೊಳಿಯಂಗೆ. ಕಾಲ್ ಎತ್ತ್ ಕಾಂಬ!"

ಹಾಗಾದರೆ ನನ್ನ ಜೀವಕ್ಕೇನೂ ಅಪಾಯವಿಲ್ಲ ಎಂದಾಯಿತು. ಕಾಲು ತಾನಾಗಿಯೇ ಎದ್ದಿತು.